ಸೈಕಲ್ ಗಟ್ಟಿ, ಉಳಿದೆರಡು? ಸೈಕ್ಲಿಸ್ಟ್‌ಗಳ ಮೊದಲ ಟ್ರಯಥ್ಲಾನ್ ತಯಾರಿ

ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟ ಹತ್ತಿಳಿದು, ಬುಡದಲ್ಲಿ ಸೈಕಲ್ ಒರಗಿಸಿ ಕಾಫಿ ಕುಡಿಯುವ ಗುಂಪುಗಳಲ್ಲಿ ಈ ಮಾತು ಆಗಾಗ ಬರುತ್ತದೆ: ‘ಸೈಕಲ್ ಹೇಗೂ ಆಗುತ್ತೆ, ಓಟ ಹೇಗೋ ಮುಗಿಸಬಹುದು. ಈಜೊಂದು ಕಲಿತುಬಿಟ್ರೆ ಟ್ರಯಥ್ಲಾನ್ ಮಾಡಬಹುದಲ್ವಾ?’ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಒಂದೇ ಸ್ಪರ್ಧೆಯಲ್ಲಿ ಮುಗಿಸುವುದು ಟ್ರಯಥ್ಲಾನ್, ಹಾಗಾಗಿ ಮಾತು ಕೇಳಲು ಸರಿಯಾಗಿಯೇ ಇದೆ. ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ರೈಡ್‌ಗಳಾದ ಬಿಆರ್‌ಎಂಗಳಲ್ಲಿ 200, 300 ಕಿಲೋಮೀಟರ್ ತುಳಿದು ಬಂದವರಿಗೆ 40 ಕಿಲೋಮೀಟರ್ ಸೈಕಲ್ ಯಾವ ಲೆಕ್ಕ? ಆದರೆ ಈ ಮಾತಿನ ಒಂದೊಂದು ತುಂಡೂ ಅರ್ಧ ಮಾತ್ರ ನಿಜ. ಈಜು ಕಲಿಯುವುದೆಂದರೆ ಮುಳುಗದೆ ಇರುವುದನ್ನು ಕಲಿಯುವುದಷ್ಟೇ ಅಲ್ಲ. ಓಟ ‘ಹೇಗೋ’ ಮುಗಿಯುವಂಥದ್ದಲ್ಲ. ಇನ್ನು ಸೈಕಲ್ ‘ಹೇಗೂ ಆಗುತ್ತೆ’ ಅನ್ನುವ ಧೈರ್ಯವಿದೆಯಲ್ಲ, ಸೈಕ್ಲಿಸ್ಟ್‌ಗಳು ಹೆಚ್ಚಾಗಿ ಎಡವುವುದೇ ಅಲ್ಲಿ.

ಮೊದಲು ದೂರಗಳು. ಸ್ಪ್ರಿಂಟ್ ಎಂದರೆ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಒಲಿಂಪಿಕ್ ದೂರ ಅದರ ಎರಡರಷ್ಟು: 1.5, 40, 10. ಅರ್ಧ ಐರನ್‌ಮ್ಯಾನ್, ಅಂದರೆ 70.3, ಮೈಲಿ ಲೆಕ್ಕದಲ್ಲಿ ಬಂದ ಹೆಸರು. ನಮ್ಮ ಲೆಕ್ಕಕ್ಕೆ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಪೂರ್ತಿ ಐರನ್‌ಮ್ಯಾನ್ ಅದರ ದುಪ್ಪಟ್ಟು.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಸೈಕ್ಲಿಸ್ಟ್‌ಗಳ ಕಣ್ಣು ಮೊದಲು ಬೀಳುವುದು ಗೋವಾದ 70.3 ಮೇಲೆ. 2019ರಲ್ಲಿ ಅದು ಶುರುವಾದ ಮೇಲೆ ವಿಮಾನ ಹತ್ತದೆ, ಸೈಕಲ್ ಬಿಚ್ಚಿ ಪೆಟ್ಟಿಗೆಗೆ ತುಂಬದೆ ಹೋಗಿಬರಬಹುದಾದ ದೊಡ್ಡ ಸ್ಪರ್ಧೆ ನಮ್ಮ ಪಕ್ಕಕ್ಕೇ ಬಂದಂತಾಯಿತು. 90 ಕಿ.ಮೀ. ಸೈಕಲ್ ನೋಡಿ ‘ಇದು ನಮ್ಮ ಭಾನುವಾರದ ರೈಡ್’ ಎಂದು ಹೆಸರು ಕೊಟ್ಟುಬಿಡುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ ಮೊದಲ ಸಲಕ್ಕೆ ಅದು ಬೇಡ. ಒಲಿಂಪಿಕ್ ದೂರ ಸಾಕು. ಈಜು ಈಗಷ್ಟೇ ಕಲಿಯುತ್ತಿದ್ದರೆ ಸ್ಪ್ರಿಂಟ್. ಸೈಕಲ್‌ನ ದೂರ ನೋಡಿ ಸ್ಪರ್ಧೆ ಆರಿಸಬೇಡಿ, ಓಟದ ದೂರ ನೋಡಿ ಆರಿಸಿ. ಬಿಸಿಲೇರಿದ ಹೊತ್ತಿನಲ್ಲಿ 21 ಕಿ.ಮೀ. ಓಡಲು ಕಾಲು ತಯಾರಿದೆಯೇ ಎಂಬುದೇ ಅಲ್ಲಿನ ಪ್ರಶ್ನೆ.

ಐರನ್‌ಮ್ಯಾನ್ ಹುಟ್ಟಿದ್ದೇ ಒಂದು ಜಗಳದಿಂದ, ಅದರಲ್ಲಿ ಸೈಕಲ್ ಪಕ್ಷದವರೂ ಇದ್ದರು. ಹವಾಯಿಯಲ್ಲಿ 1977ರಲ್ಲಿ ಒಂದು ಓಟದ ಬಹುಮಾನ ವಿತರಣೆಯ ಹೊತ್ತಿಗೆ, ಈಜುಗಾರರು ಹೆಚ್ಚು ಗಟ್ಟಿಯೋ ಓಟಗಾರರೋ ಎಂಬ ವಾದ ಎದ್ದಿತು. ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ನಡುವೆ ಬಾಯಿ ಹಾಕಿ, ಬೆಲ್ಜಿಯಂನ ಸೈಕಲ್ ದಿಗ್ಗಜ ಎಡ್ಡಿ ಮರ್ಕ್ಸ್ ಹೆಸರು ಹೇಳಿ, ಸೈಕ್ಲಿಸ್ಟ್‌ಗಳನ್ನು ಮರೆಯಬೇಡಿ ಎಂದರು. ಮೂರನ್ನೂ ಒಂದೇ ದಿನ ಮಾಡಿ ನೋಡೇಬಿಡೋಣ ಎಂದು 1978ರ ಫೆಬ್ರವರಿ 18ರಂದು 15 ಜನ ನೀರಿಗಿಳಿದರು, 12 ಜನ ಮುಗಿಸಿದರು. ಗೆದ್ದ ಗಾರ್ಡನ್ ಹಾಲರ್ ಮುನ್ನಡೆ ಪಡೆದದ್ದು ಕೊನೆಯ ಮ್ಯಾರಥಾನ್‌ನಲ್ಲಿ. ವಾದಕ್ಕೆ ಸೈಕಲ್ಲನ್ನು ತಂದವರು ಕಾಲಿನ್ಸ್, ತೀರ್ಪು ಕೊಟ್ಟದ್ದು ಓಟ.

ಆ ತೀರ್ಪು ಆಮೇಲೂ ಹೆಚ್ಚು ಬದಲಾಗಿಲ್ಲ. ಆಸ್ಟ್ರೇಲಿಯಾದ ಕ್ಯಾಮರಾನ್ ವರ್ಫ್ ವೃತ್ತಿಪರ ಸೈಕ್ಲಿಸ್ಟ್ ಆಗಿದ್ದು ಟ್ರಯಥ್ಲಾನ್‌ಗೆ ಬಂದವರು. 2017ರ ಹವಾಯಿ ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 180 ಕಿ.ಮೀ.ಯನ್ನು 4 ಗಂಟೆ 12 ನಿಮಿಷ 54 ಸೆಕೆಂಡಿನಲ್ಲಿ ತುಳಿದು, ಅಲ್ಲಿಯವರೆಗಿನ ಸೈಕಲ್ ದಾಖಲೆ ಮುರಿದರು. ಸ್ಪರ್ಧೆ ಮುಗಿದಾಗ ಅವರ ಸ್ಥಾನ 17. ಗೆದ್ದ ಜರ್ಮನಿಯ ಪ್ಯಾಟ್ರಿಕ್ ಲಾಂಗೆ ಮ್ಯಾರಥಾನನ್ನು 2 ಗಂಟೆ 40 ನಿಮಿಷದೊಳಗೆ ಓಡಿ ಮುಗಿಸಿದ್ದರು.

ಇದರ ಹಿಂದಿನ ಗಣಿತ ಸರಳ, ಒಂದು ಕಾಗದದ ಮೇಲೆ ಮಾಡಿ ನೋಡಬಹುದು. ನೀವು 40 ಕಿ.ಮೀ.ಯನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ತುಳಿದರೆ 80 ನಿಮಿಷ, 32ರಲ್ಲಿ ತುಳಿದರೆ 75 ನಿಮಿಷ. ಉಳಿತಾಯ 5 ನಿಮಿಷ. ಅದಕ್ಕೆ ಕೊಡುವ ಬೆಲೆ? ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನದಷ್ಟು ಏರುತ್ತದೆ. ವೇಗ ಹೆಚ್ಚಿದ್ದು ಶೇ 7ಕ್ಕೂ ಕಡಿಮೆ, ಗಾಳಿಗೆ ಸುರಿಯುವ ಶಕ್ತಿ ಹೆಚ್ಚಿದ್ದು ಸುಮಾರು ಶೇ 20. ಅಷ್ಟು ಖರ್ಚು ಮಾಡಿದ ಕಾಲಿನಲ್ಲಿ ಓಟಕ್ಕಿಳಿದು, ಕಿಲೋಮೀಟರಿಗೆ 6 ನಿಮಿಷದಲ್ಲಿ ಓಡಬೇಕಿದ್ದವರು 7 ನಿಮಿಷಕ್ಕೆ ಇಳಿದರೆ, 10 ಕಿ.ಮೀ.ಗೆ 10 ನಿಮಿಷ ಹೋಯಿತು. ಐದು ಗಳಿಸಿ ಹತ್ತು ಕಳೆದುಕೊಂಡ ಹಾಗೆ. 70.3ರಲ್ಲಿ ಈ ನಷ್ಟ ಇನ್ನೂ ಜೋರು: ಕಾಲು ಹಿಡಿದುಕೊಂಡು ನಡೆಯಲು ಶುರುಮಾಡಿದರೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಹಾಗಾಗಿ ಸೈಕ್ಲಿಸ್ಟ್‌ನ ತಯಾರಿ ಬೇರೆಯವರ ತಯಾರಿಯ ಹಾಗಿರುವುದಿಲ್ಲ. ನಿಮಗೆ ಇರುವ ಸೈಕಲ್ ಬಲವನ್ನು ಹೆಚ್ಚಿಸುವ ಅಗತ್ಯವಿಲ್ಲ. ಆ ಬಲದಿಂದ ಅದೇ ವೇಗವನ್ನು ಬೇರೆಯವರಿಗಿಂತ ಅಗ್ಗವಾಗಿ ತುಳಿದು, ಉಳಿದದ್ದನ್ನು ಓಟಕ್ಕೆ ದಾಟಿಸಬೇಕು. ತರಬೇತಿಯ ಸಮಯವೆಲ್ಲ ನೀರಿಗೂ ರಸ್ತೆಯ ಮೇಲಿನ ಕಾಲಿಗೂ ಹೋಗಬೇಕು.

ನೀರು

ಸೈಕ್ಲಿಸ್ಟ್‌ಗಳಿಗೆ ಈಜು ಮೊದಲು ಕೊಡುವುದು ಅವಮಾನ. ಬೆಟ್ಟ ಹತ್ತುವಾಗ ಏದುಸಿರು ಬಿಡದವರು 25 ಮೀಟರ್ ಈಜಿ ಗೋಡೆ ಹಿಡಿದು ದಮ್ಮು ಹತ್ತಿ ನಿಲ್ಲುತ್ತಾರೆ. ಪಕ್ಕದಲ್ಲಿ ಹತ್ತು ವರ್ಷದ ಹುಡುಗಿ ಆರಾಮಾಗಿ ಹೋಗಿ ಬರುತ್ತಿರುತ್ತಾಳೆ. ಫಿಟ್‌ನೆಸ್ ಕೊರತೆ ಇದಕ್ಕೆ ಕಾರಣವಲ್ಲ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅಲ್ಲಿ ಬಲಕ್ಕಿಂತ ದೇಹದ ಆಕಾರ ಹೆಚ್ಚು ಕೆಲಸ ಮಾಡುತ್ತದೆ. ಗಾಳಿ ತುಂಬಿದ ಎದೆ ತೇಲುತ್ತದೆ, ವರ್ಷಗಟ್ಟಲೆ ಪೆಡಲ್ ತುಳಿದು ಗಟ್ಟಿಯಾದ ತೊಡೆ ಮುಳುಗುತ್ತದೆ. ಕಾಲು ಕೆಳಗಿಳಿದ ದೇಹ ನೀರನ್ನು ಸೀಳುವ ಬದಲು ತಳ್ಳುತ್ತಾ ಹೋಗುತ್ತದೆ. ಇಲ್ಲಿ ಇನ್ನಷ್ಟು ಜೋರಾಗಿ ಕೈ ಬೀಸಿದರೆ ಸುಸ್ತು ಹೆಚ್ಚುತ್ತದೆ, ವೇಗವಲ್ಲ. ಕಷ್ಟವಾದಾಗ ಇನ್ನೂ ಒತ್ತಿ ತುಳಿಯುವುದು ಸೈಕಲ್‌ನಲ್ಲಿ ಕೈಹಿಡಿದ ಅಭ್ಯಾಸ. ನೀರಿನಲ್ಲಿ ಅದೇ ಮುಳುವು.

ಉಸಿರಿನ ವಿಷಯ ಇನ್ನೊಂದು. ಹೊಸಬರು ಮುಖ ನೀರಿಗಿಟ್ಟ ಕೂಡಲೇ ಉಸಿರು ಹಿಡಿಯುತ್ತಾರೆ. ತಲೆ ಎತ್ತಿದ ಅರೆಕ್ಷಣದಲ್ಲಿ ಹಳೆಯ ಗಾಳಿ ಬಿಟ್ಟು ಹೊಸದನ್ನು ಎಳೆಯಲು ಹೋಗಿ ಎರಡೂ ಅರ್ಧವಾಗುತ್ತದೆ. ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಸೇರುತ್ತಾ ಹೋಗುತ್ತದೆ, ಉಸಿರುಗಟ್ಟಿದ ಭಾವನೆ ಬರುವುದು ಅದರಿಂದಲೇ. ಪರಿಹಾರ ಸರಳ, ರೂಢಿಯಾಗಲು ಮಾತ್ರ ವಾರಗಳು ಬೇಕು: ಮುಖ ನೀರೊಳಗೆ ಇರುವಷ್ಟೂ ಹೊತ್ತು ಮೂಗು, ಬಾಯಿಯಿಂದ ಗುಳುಗುಳು ಎಂದು ಗಾಳಿ ಬಿಡುತ್ತಲೇ ಇರಬೇಕು. ಪಕ್ಕಕ್ಕೆ ಹೊರಳಿದಾಗ ಎಳೆದುಕೊಳ್ಳುವ ಕೆಲಸ ಮಾತ್ರ ಉಳಿದಿರಬೇಕು. ತಲೆ ಮೇಲೆತ್ತಬಾರದು, ಹೊರಳಿಸಬೇಕು. ಈಜು ಕನ್ನಡಕದ ಒಂದು ಗಾಜು ನೀರೊಳಗೇ ಇರುವಷ್ಟು.

ಬಾವಿ, ಹೊಳೆಗಳಲ್ಲಿ ಈಜು ಕಲಿತವರ ಕತೆ ಬೇರೆ. ಬೆನ್ನಿಗೆ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿಸಿಕೊಂಡು, ಅಣ್ಣಂದಿರು ತಳ್ಳಿದ್ದಕ್ಕೆ ಬಾವಿಗೆ ಬಿದ್ದು ಕಲಿತವರಿಗೆ ಆಳದ ಭಯವಿಲ್ಲ. ತೆರೆದ ನೀರಿನಲ್ಲಿ ಇದು ದೊಡ್ಡ ಆಸ್ತಿ, ಪಟ್ಟಣದ ಕೊಳದಲ್ಲಿ ಕಲಿತ ಎಷ್ಟೋ ಜನರಿಗೆ ಇದು ಇರುವುದಿಲ್ಲ. ಆದರೆ ಬಾವಿ ಈಜಿನಲ್ಲಿ ತಲೆ ಮೇಲೆ ಇರುತ್ತದೆ, ಕಾಲು ಕೆಳಗೆ. ಹತ್ತು ಮಾರು ಹೋಗಿ ಮೆಟ್ಟಿಲು ಹಿಡಿಯಲು ಸಾಕು, 1,500 ಮೀಟರ್‌ಗೆ ಸಾಲದು. ಇವರು ಹೊಸದಾಗಿ ಕಲಿಯಬೇಕಾದ್ದು ಒಂದೇ, ಮುಖವನ್ನು ನೀರಿಗೆ ಒಪ್ಪಿಸುವುದು. ತಲೆ ಇಳಿದರೆ ಸೊಂಟ ತಾನಾಗಿ ಏಳುತ್ತದೆ.

ಸೈಕ್ಲಿಸ್ಟ್‌ಗಳ ಇನ್ನೊಂದು ತೊಂದರೆ ಪಾದದ ಕೀಲು. ಶೂವನ್ನು ಪೆಡಲ್‌ಗೆ ಸಿಕ್ಕಿಸುವ ಕ್ಲೀಟ್ ಹಾಕಿ ಒಂದೇ ಕೋನದಲ್ಲಿ ತುಳಿದೂ ತುಳಿದೂ ಅದು ಬಿಗಿದಿರುತ್ತದೆ. ಪಾದ ಹಿಂದಕ್ಕೆ ಚಾಚದಿದ್ದರೆ ಕಾಲು ಬಡಿದಷ್ಟೂ ನೀರು ಕೆಳಕ್ಕೋ ಮುಂದಕ್ಕೋ ಹೋಗುತ್ತದೆ. ಕಿಕ್‌ಬೋರ್ಡ್ ಎಂಬ ತೇಲುವ ಹಲಗೆ ಹಿಡಿದು ಕಾಲು ಬಡಿಯುತ್ತಾ ನಿಂತಲ್ಲೇ ನಿಂತವರು, ಹಿಂದಕ್ಕೆ ಹೋದವರೂ ಇದ್ದಾರೆ. ಇದಕ್ಕೆ ದುಬಾರಿ ಉಪಾಯ ಬೇಡ, ವಜ್ರಾಸನ ಸಾಕು. ಊಟದ ನಂತರ ಐದು ನಿಮಿಷ ಹಿಮ್ಮಡಿಯ ಮೇಲೆ ಕೂತು ನೋಡಿ. ಪಾದದ ಮೇಲ್ಭಾಗ ಚುರುಗುಟ್ಟಿದರೆ ಕಿಕ್ ಯಾಕೆ ಕೆಲಸ ಮಾಡುತ್ತಿಲ್ಲ ಎಂಬುದು ಅಲ್ಲೇ ತಿಳಿಯುತ್ತದೆ. ಹಾಗೆಂದು ಕಿಕ್ ಮೇಲೆ ಜೀವ ಬಿಡಬೇಕಾಗಿಲ್ಲ. ಮುಂದೆ ಸೈಕಲ್, ಓಟ ಎರಡೂ ಕಾಲಿನ ಕೆಲಸ. ಸಮತೋಲನಕ್ಕೆ ಬೇಕಾದಷ್ಟು ಕಾಲಾಡಿಸಿ, ಎಳೆಯುವ ಕೆಲಸ ಕೈಗೆ ಬಿಡಿ.

ನಮ್ಮ ಕಡೆಯ ಈಜುಕೊಳಗಳದ್ದು ಬ್ಯಾಚ್ ಪದ್ಧತಿ. ಮುಕ್ಕಾಲು ಗಂಟೆಯೋ ಒಂದು ಗಂಟೆಯೋ, ಸೀಟಿ ಊದಿದರೆ ಹೊರಗೆ. ಅಷ್ಟರಲ್ಲಿ ಲೇನ್ ಸಿಗದೆ, ಅಡ್ಡಬರುವ ಮಕ್ಕಳನ್ನು ತಪ್ಪಿಸಿಕೊಂಡು ಈಜಬೇಕು. ಬೇಸಿಗೆ ರಜೆಯಲ್ಲಂತೂ ಕೇಳಲೇಬೇಡಿ. ಮುಂಜಾನೆಯ ಮೊದಲ ಬ್ಯಾಚ್ ಹಿಡಿಯುವುದು ಮೇಲು. ವಾರಕ್ಕೊಮ್ಮೆ ಎರಡು ಗಂಟೆ ಈಜುವುದಕ್ಕಿಂತ ವಾರಕ್ಕೆ ಮೂರು ಸಲ 40 ನಿಮಿಷ ಈಜುವುದು ಸಾವಿರ ಪಾಲು ಲೇಸು, ಏಕೆಂದರೆ ಇದು ದಮ್ಮಿನ ತರಬೇತಿಯಲ್ಲ, ನರಗಳ ಕಲಿಕೆ. ಮೊದಲ ತಿಂಗಳು ಕೋಚ್ ಒಬ್ಬರು ದಡದಲ್ಲಿ ನಿಂತು ನೋಡುವುದಕ್ಕೆ ಕೊಟ್ಟ ಹಣ, ಹೊಸ ಚಕ್ರಗಳಿಗೆ ಕೊಡುವ ಹಣಕ್ಕಿಂತ ಹೆಚ್ಚು ನಿಮಿಷ ಉಳಿಸುತ್ತದೆ.

ಕೊಳದಲ್ಲಿ 1,500 ಮೀಟರ್ ಬಂತು ಎಂದರೆ ಕಡಲಲ್ಲೂ ಬಂತು ಎಂದಲ್ಲ. 25 ಮೀಟರ್ ಕೊಳದಲ್ಲಿ ಅದು 60 ಉದ್ದ; ಪ್ರತಿ ತುದಿಯಲ್ಲಿ ಗೋಡೆ ಒದ್ದು ಸಿಗುವ ಜಾರುವಿಕೆ, ಒಂದು ಕ್ಷಣದ ವಿರಾಮ ಕಡಲಲ್ಲಿಲ್ಲ. ತಳದ ಕಪ್ಪು ಗೆರೆಯೂ ಇಲ್ಲ. ಹತ್ತು ಕೈ ಹಾಕುವುದರೊಳಗೆ ಒಮ್ಮೆ ಮೊಸಳೆಯ ಹಾಗೆ ಕಣ್ಣಷ್ಟೇ ಮೇಲೆತ್ತಿ ದಾರಿ ತೋರಲು ತೇಲಬಿಟ್ಟ ಮುಂದಿನ ಬೋಯ್ ಎಲ್ಲಿದೆ ನೋಡದಿದ್ದರೆ 1,500 ಮೀಟರ್ ಸ್ಪರ್ಧೆಯಲ್ಲಿ 1,800 ಈಜಿ ಬರುತ್ತೀರಿ. ಇದನ್ನು ಕೊಳದಲ್ಲೇ ಅಭ್ಯಾಸ ಮಾಡಬಹುದು. ಆದರೂ ಸ್ಪರ್ಧೆಗೆ ಮೊದಲು ಎರಡು ಮೂರು ಸಲವಾದರೂ ತೆರೆದ ನೀರು ಕಾಣಲೇಬೇಕು. ಬೆಂಗಳೂರಿನ ಕೆರೆಗಳ ಸ್ಥಿತಿ ಎಲ್ಲರಿಗೂ ಗೊತ್ತು, ಜಲಾಶಯಗಳಲ್ಲಿ ಮನಬಂದಂತೆ ಇಳಿಯುವಂತಿಲ್ಲ. ಉಳಿದದ್ದು ಕರಾವಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರಕ್ಕೆ ಇಳಿಯುವ ಮಾತೇ ಬೇಡ. ಆಮೇಲೆ ಮಲ್ಪೆ, ಪಣಂಬೂರು, ಕಾರವಾರದ ಕಡೆ ಹೋದರೂ ಒಬ್ಬರೇ ಇಳಿಯಬೇಡಿ. ಸೊಂಟಕ್ಕೆ ಕಟ್ಟುವ ಬಣ್ಣದ ಫ್ಲೋಟ್ ಇರಲಿ, ಸೆಳೆತ ಎಲ್ಲಿದೆ ಎಂದು ಅಲ್ಲಿನ ಮೀನುಗಾರರನ್ನು ಕೇಳಿ. ಸೆಳೆತಕ್ಕೆ ಸಿಕ್ಕರೆ ಅದಕ್ಕೆದುರಾಗಿ ದಡಕ್ಕೆ ಈಜದೆ, ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು.

ವೆಟ್‌ಸೂಟ್ ಇದ್ದರೆ ತೇಲುತ್ತೇನೆ ಎಂಬ ಲೆಕ್ಕ ನಮ್ಮಲ್ಲಿ ನಡೆಯದು. ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಟ್ರಯಥ್ಲಾನ್‌ನ ನಿಯಮದಂತೆ ಹವ್ಯಾಸಿಗಳಿಗೆ 1,500 ಮೀಟರ್‌ವರೆಗಿನ ಈಜಿನಲ್ಲಿ ನೀರು 22 ಡಿಗ್ರಿಗಿಂತ ಬೆಚ್ಚಗಿದ್ದರೆ ವೆಟ್‌ಸೂಟ್ ನಿಷಿದ್ಧ, ನಮ್ಮ ಕಡಲು ಅದಕ್ಕಿಂತ ಎಷ್ಟೋ ಬೆಚ್ಚಗೆ. ಯುರೋಪಿನ ಸೈಕ್ಲಿಸ್ಟ್‌ನ ಮುಳುಗುವ ಕಾಲನ್ನು ಎತ್ತಿ ಹಿಡಿಯುವ ರಬ್ಬರ್ ನಮಗಿಲ್ಲ.

ಗಾಬರಿಯಾದರೆ ಏನು ಮಾಡಬೇಕು ಎಂಬುದನ್ನೂ ತಿಳಿದಿರಿ, ಏಕೆಂದರೆ ಆಗುತ್ತದೆ. ಮೊದಲ ಐದು ನಿಮಿಷ, ಸುತ್ತ ನೂರಾರು ಕೈಕಾಲು, ಯಾರದೋ ಹಿಮ್ಮಡಿ ಕನ್ನಡಕಕ್ಕೆ ತಾಗಿ ಕನ್ನಡಕ ಜಾರುತ್ತದೆ, ಬಾಯಿಗೆ ಉಪ್ಪುನೀರು. ಬೆನ್ನಮೇಲೆ ತಿರುಗಿ ತೇಲಿ, ಉಸಿರು ಹದಕ್ಕೆ ಬರಲಿ. ಬ್ರೆಸ್ಟ್ ಸ್ಟ್ರೋಕ್ ಹೊಡೆಯಬಹುದು, ಯಾವ ಶೈಲಿಗೂ ಅಡ್ಡಿಯಿಲ್ಲ. ಕೈ ಎತ್ತಿದರೆ ರಕ್ಷಣೆಗೆಂದು ಕಯಾಕ್ ಎಂಬ ಸಣ್ಣ ದೋಣಿಯಲ್ಲಿರುವವರು ಬರುತ್ತಾರೆ, ಅದನ್ನು ಹಿಡಿದು ಸುಧಾರಿಸಿಕೊಳ್ಳಲು ನಿಯಮವೇ ಬಿಡುತ್ತದೆ; ಅದರಿಂದ ಮುಂದಕ್ಕೆ ಎಳೆಸಿಕೊಳ್ಳಬಾರದು ಅಷ್ಟೆ. ಬಹಳ ಜನರಿಗೆ ಈ ನಿಯಮ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಅರ್ಧ ಗಾಬರಿ ದಡದಲ್ಲೇ ಉಳಿಯುತ್ತದೆ.

ಓಟ: ಎದೆ ತಯಾರು, ಮೂಳೆ ಅಲ್ಲ

ಈಜಿನಲ್ಲಿ ಸೈಕ್ಲಿಸ್ಟ್ ತನಗೇನೂ ಬರುವುದಿಲ್ಲ ಎಂದು ಒಪ್ಪಿಕೊಂಡು ಶುರುಮಾಡುತ್ತಾರೆ. ಓಟದಲ್ಲಿ ಹಾಗಲ್ಲ. ಮೊದಲ ದಿನವೇ 5 ಕಿ.ಮೀ. ಸಲೀಸಾಗಿ ಹೋಗುತ್ತದೆ, ಉಸಿರು ಒಂಚೂರೂ ಕಟ್ಟುವುದಿಲ್ಲ. ಮೂರನೇ ವಾರಕ್ಕೆ 10 ಕಿ.ಮೀ. ಐದನೇ ವಾರಕ್ಕೆ ಮೂಳೆ ವೈದ್ಯರ ಕ್ಲಿನಿಕ್ ಮುಂದೆ ಕುಳಿತಿರುತ್ತಾರೆ.

ಕಾರಣ ಇಷ್ಟು. ಸೈಕಲ್ ಮೇಲೆ ನಿಮ್ಮ ತೂಕವನ್ನು ಸೀಟು ಹೊರುತ್ತದೆ. ಓಟದಲ್ಲಿ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು, ಎರಡೂವರೆ ಪಟ್ಟು ಹೊಡೆತ ಒಂದೇ ಕಾಲಿನ ಮೇಲೆ ಬೀಳುತ್ತದೆ. ಪೆಡಲ್ ತುಳಿಯುವಾಗ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ನೆಲಕ್ಕಿಳಿಯುವಾಗ ಅದು ಹಿಗ್ಗುತ್ತಾ ತಡೆಹಾಕಬೇಕು, ಮಾರನೆಯ ದಿನ ಮೆಟ್ಟಿಲಿಳಿಯಲಾಗದ ನೋವು ಬರುವುದು ಈ ಹೊಸ ಕೆಲಸದಿಂದ. ಹೃದಯ, ಶ್ವಾಸಕೋಶ ವರ್ಷಗಳ ಸೈಕಲ್‌ನಿಂದ ಪಳಗಿವೆ, ಅವು ನಿಮ್ಮನ್ನು ಎಳೆದುಕೊಂಡು ಹೋಗುತ್ತವೆ. ಮೀನಖಂಡದ ಸ್ನಾಯು, ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು, ಕಣಕಾಲಿನ ಮೂಳೆ ಮಾತ್ರ ಓಟಕ್ಕೆ ಇನ್ನೂ ಎಳಸು. ಸ್ನಾಯು ವಾರಗಳಲ್ಲಿ ಗಟ್ಟಿಯಾದರೆ ರಜ್ಜು, ಮೂಳೆಗಳಿಗೆ ತಿಂಗಳುಗಳು ಬೇಕು. ಸೈಕಲ್ ಒಂದನ್ನೇ ನೆಚ್ಚಿಕೊಂಡ ವೃತ್ತಿಪರರಲ್ಲಿ ಮೂಳೆಯ ಸಾಂದ್ರತೆ ಕಡಿಮೆಯಿರುವುದು ಪದೇ ಪದೇ ಕಂಡುಬಂದಿದೆ, ಹೊಡೆತ ತಿನ್ನದ ಮೂಳೆ ಗಟ್ಟಿಯಾಗುವುದಿಲ್ಲ.

ಹಾಗಾಗಿ ಮೊದಲ ತಿಂಗಳು ಓಟ ನಾಚಿಕೆಯಾಗುವಷ್ಟು ಕಡಿಮೆಯಿರಲಿ. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ, ಒಟ್ಟು 20-25 ನಿಮಿಷ, ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಕಬ್ಬನ್ ಪಾರ್ಕಿನ ಮಣ್ಣಿನ ದಾರಿಯಂಥದ್ದು ಸಿಕ್ಕರೆ ಅಲ್ಲೇ ಓಡಿ. ಮಾತಾಡುತ್ತಾ ಓಡಲು ಆಗುವಷ್ಟೇ ವೇಗ. ಹೆಜ್ಜೆ ಚಿಕ್ಕದಾಗಿ, ಚುರುಕಾಗಿ ಬೀಳಲಿ. ಇದರಲ್ಲಿ ಸೈಕ್ಲಿಸ್ಟ್‌ಗೆ ಒಂದು ಅನುಕೂಲವಿದೆ. ನಿಮಿಷಕ್ಕೆ 85-90 ಸುತ್ತು ಪೆಡಲ್ ಮಾಡಿ ರೂಢಿಯಾದ ಲಯವನ್ನೇ ಒಂದೊಂದು ಕಾಲಿಗೂ ಇಟ್ಟುಕೊಂಡರೆ ಓಟದ ಹೆಜ್ಜೆ ತಾನಾಗಿ ಹದಕ್ಕೆ ಬರುತ್ತದೆ. ಮನೆಯ ಮೆಟ್ಟಿಲಂಚಿನಲ್ಲಿ ಒಂಟಿಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ದಿನ ಬಿಟ್ಟು ದಿನ. ಬೇಸರದ ಕೆಲಸ, ಆದರೆ ಬಿಡಬೇಡಿ.

ಸೈಕಲ್‌ನ ಹಾರ್ಟ್ ರೇಟ್ ವಲಯಗಳನ್ನು ಓಟಕ್ಕೆ ತರಬೇಡಿ. ಅಷ್ಟೇ ಶ್ರಮಕ್ಕೆ ಓಟದಲ್ಲಿ ಎದೆಬಡಿತ ಸಾಮಾನ್ಯವಾಗಿ ಸೈಕಲ್‌ಗಿಂತ ಹೆಚ್ಚಿರುತ್ತದೆ, ಈಜಿನಲ್ಲಿ ಕಡಿಮೆ. ಇನ್ನು ನೋವು: ಸ್ನಾಯು ಪೂರಾ ಬಿಗಿದು ನೊಂದರೆ ಅದು ಸಹಜ, ಎರಡು ದಿನದಲ್ಲಿ ಹೋಗುತ್ತದೆ. ಮೂಳೆಯ ಮೇಲೆ ಬೆರಳ ತುದಿಯಿಟ್ಟು ‘ಇಲ್ಲೇ’ ಎಂದು ತೋರಿಸಬಹುದಾದ ನೋವು, ಓಡಿದಷ್ಟೂ ಹೆಚ್ಚುವ ನೋವು ಬೇರೆ. ಅಂದೇ ಓಟ ನಿಲ್ಲಿಸಿ ವೈದ್ಯರನ್ನು ಕಾಣಿ.

ಸೈಕಲ್‌ನಿಂದ ಇಳಿದು ಓಡುವುದು ಮತ್ತೊಂದೇ ವಿದ್ಯೆ. ಇದಕ್ಕೆ ಬ್ರಿಕ್ ಎನ್ನುತ್ತಾರೆ. ಮೊದಲ ಸಲ ಮಾಡಿದಾಗ ತೊಡೆ ನಿಮ್ಮದೇ ಅಲ್ಲ ಅನ್ನಿಸುತ್ತದೆ. ವೃತ್ತಾಕಾರದಲ್ಲಿ ತಿರುಗುತ್ತಿದ್ದ ಕಾಲಿಗೆ ದೇಹ ಹೊತ್ತು ಹೆಜ್ಜೆ ಹಾಕು ಎಂಬ ಸಂದೇಶ ತಲುಪಲು ಐದು ಹತ್ತು ನಿಮಿಷ ಹಿಡಿಯುತ್ತದೆ. ಇದಕ್ಕಿಂತ ಕುತಂತ್ರಿಯಾದದ್ದು ವೇಗದ ಭ್ರಮೆ. ಗಂಟೆಗೆ 30 ಕಿ.ಮೀ.ಯಲ್ಲಿ ಬಂದವರಿಗೆ 10 ಕಿ.ಮೀ. ವೇಗ ತೆವಳಿದಂತೆ ಕಾಣುತ್ತದೆ, ಗೊತ್ತಿಲ್ಲದೆ ಜೋರಾಗಿ ಓಡುತ್ತಾರೆ, ಮೂರನೇ ಕಿಲೋಮೀಟರಿಗೆ ಬೆಲೆ ತೆರುತ್ತಾರೆ. ವಾರಕ್ಕೊಮ್ಮೆ ರೈಡ್ ಮುಗಿಸಿ ಮನೆಗೆ ಬಂದವರು ಸೈಕಲ್ಲನ್ನು ವಾಚ್‌ಮನ್ ಬಳಿ ಬಿಟ್ಟು, ಶೂ ಬದಲಿಸಿ, ಬಡಾವಣೆಗೆ ಎರಡು ಸುತ್ತು ಹಾಕಿ. ಹತ್ತು ಹದಿನೈದು ನಿಮಿಷ ಸಾಕು. ದೊಡ್ಡ ಬ್ರಿಕ್ ಇಡೀ ತಯಾರಿಯಲ್ಲಿ ಎರಡು ಮೂರು ಇದ್ದರೆ ಬೇಕಾದಷ್ಟಾಯಿತು.

ಒಟ್ಟು 16 ವಾರ ಇಟ್ಟುಕೊಂಡರೆ, ಸ್ವಲ್ಪವಾದರೂ ಈಜು ಬರುವವರಿಗೆ ಒಲಿಂಪಿಕ್ ದೂರಕ್ಕೆ ಸಾಕು. ವಾರಕ್ಕೆ ಮೂರು ಈಜು, ಮೂರು ಓಟ, ಎರಡು ಸೈಕಲ್. ಉಳಿದ ರೈಡ್‌ಗಳನ್ನು ಕೈಬಿಡಲು ಹೊಟ್ಟೆ ಉರಿಯುತ್ತದೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೆಣಕುತ್ತಾರೆ. ಕೆಣಕಲಿ. ಎರಡು ರೈಡ್‌ನಲ್ಲಿ ನಿಮ್ಮ ಸೈಕಲ್ ಬಲ ಕುಸಿಯುವುದಿಲ್ಲ. ಒಂದು ರೈಡ್, ಬಿಡುವಿಲ್ಲದೆ ಒಂದೇ ಒತ್ತಡದಲ್ಲಿ ತುಳಿಯುವ ಗಂಟೆ-ಒಂದೂವರೆ ಗಂಟೆ; ಇನ್ನೊಂದು ಬ್ರಿಕ್. ಕೊನೆಯ ಹತ್ತು ಹದಿನಾಲ್ಕು ದಿನ ಎಲ್ಲವನ್ನೂ ಅರ್ಧಕ್ಕಿಳಿಸಿ.

ಸೈಕಲ್ ಮೇಲೆ ಮರೆಯಬೇಕಾದ್ದು

ಗುಂಪಿನಲ್ಲಿ ಮುಂದಿನವರ ಚಕ್ರಕ್ಕೆ ಅಂಟಿಕೊಂಡು ಹೋಗುವುದು ಸೈಕ್ಲಿಸ್ಟ್‌ನ ಮೊದಲ ಪಾಠ. ಗಾಳಿಯ ಹೊಡೆತ ತಪ್ಪಿ ಕಾಲು ಭಾಗದಷ್ಟಾದರೂ ಶ್ರಮ ಉಳಿಯುತ್ತದೆ. ಟಿ.ವಿ.ಯಲ್ಲಿ ನೋಡುವ ಒಲಿಂಪಿಕ್ಸ್ ಟ್ರಯಥ್ಲಾನ್‌ನಲ್ಲೂ ಗುಂಪಾಗಿ ಹೋಗುತ್ತಾರೆ. ಆದರೆ ಹವ್ಯಾಸಿಗಳ ಹೆಚ್ಚಿನ ಸ್ಪರ್ಧೆಗಳಲ್ಲಿ ಇದೇ ತಪ್ಪು, ಸಿಕ್ಕಿಬಿದ್ದರೆ ನಿಮಿಷಗಟ್ಟಲೆ ದಂಡ. 70.3ರಲ್ಲಿ ಮುಂದಿನ ಸೈಕಲ್‌ನ ಮುಂಚಕ್ರದಿಂದ ನಿಮ್ಮ ಮುಂಚಕ್ರಕ್ಕೆ 12 ಮೀಟರ್ ಅಂತರವಿರಬೇಕು, ಅಂದರೆ ನಡುವೆ ಒಂದು ಉದ್ದನೆಯ ಸಿಟಿ ಬಸ್ಸಿನಷ್ಟು ಜಾಗ. ಅದರೊಳಗೆ ನುಗ್ಗಿದರೆ 25 ಸೆಕೆಂಡಿನೊಳಗೆ ದಾಟಿಯೇ ಬಿಡಬೇಕು. ಒಲಿಂಪಿಕ್ ದೂರದಲ್ಲಿ ಈ ಅಂತರ ಸಾಮಾನ್ಯವಾಗಿ 10 ಮೀಟರ್. ಸ್ಪರ್ಧೆಯ ನಿಯಮ ಪುಸ್ತಕವನ್ನು ಓದಿಕೊಳ್ಳಿ, ಗೆಳೆಯರ ಮಾತು ನಂಬಬೇಡಿ.

ಕಷ್ಟವಾಗುವುದು ಇನ್ನೊಂದು. ಈಜಿನಲ್ಲಿ ಹಿಂದೆ ಬಿದ್ದು ಹೊರಬಂದ ಸೈಕ್ಲಿಸ್ಟ್‌ಗೆ ಮುಂದೆ ಸಾಲು ಸಾಲು ಬೇಟೆ ಕಾಣುತ್ತದೆ. ಒಬ್ಬೊಬ್ಬರನ್ನೇ ಹಿಂದಿಕ್ಕುವ ಖುಷಿಯಲ್ಲಿ ಏರಿನಲ್ಲಿ ಎದ್ದು ನಿಂತು ತುಳಿದರೆ ಲೆಕ್ಕ ತಪ್ಪಿತು. ತುಳಿಯುವ ಶಕ್ತಿ ಅಳೆಯುವ ಪವರ್ ಮೀಟರ್ ಇದ್ದರೆ 70.3ರಲ್ಲಿ ಎಫ್‌ಟಿಪಿಯ, ಅಂದರೆ ಸುಮಾರು ಒಂದು ಗಂಟೆ ಹಿಡಿದಿಡಬಹುದಾದ ಗರಿಷ್ಠ ಶಕ್ತಿಯ, ಶೇ 75ರ ಆಸುಪಾಸು ಹಿಡಿದುಕೊಳ್ಳಿ, ಒಲಿಂಪಿಕ್ ದೂರದಲ್ಲಿ ಇನ್ನೊಂದಿಷ್ಟು ಮೇಲೆ. ಮೀಟರ್ ಇಲ್ಲದಿದ್ದರೂ ಚಿಂತೆಯಿಲ್ಲ. ಮೂಗಿನಲ್ಲಿ ಉಸಿರಾಡಲು ಆಗುತ್ತಿಲ್ಲ, ತೊಡೆ ಉರಿಯುತ್ತಿದೆ ಎಂದರೆ ಹೆಚ್ಚಾಯಿತು. ಏರಿನಲ್ಲಿ ಗೇರ್ ಇಳಿಸಿ ಕೂತೇ ಹತ್ತಿ.

ಟ್ರಯಥ್ಲಾನ್ ಸೈಕಲ್ ಕೊಳ್ಳುವ ಅಗತ್ಯ ಮೊದಲ ಸಲ ಖಂಡಿತ ಇಲ್ಲ. ಇರುವ ರೋಡ್ ಬೈಕ್ ಸಾಕು. ಮೊಣಕೈ ಊರಿ ಬಾಗಿ ಕೂರಲು ಹ್ಯಾಂಡಲ್‌ಗೆ ಜೋಡಿಸುವ ಏರೋ ಬಾರ್ ಹಾಕಿಸುವುದಾದರೆ ಕನಿಷ್ಠ ಒಂದೆರಡು ತಿಂಗಳು ಮೊದಲು ಹಾಕಿಸಿ ಅಭ್ಯಾಸ ಮಾಡಿ. ಕೈ ಬ್ರೇಕಿನ ಮೇಲಿರುವುದಿಲ್ಲ, ನಮ್ಮ ರಸ್ತೆಯ ಹಂಪ್, ನಾಯಿಗಳ ನಡುವೆ ಅದು ಆಟವಲ್ಲ. ದಪ್ಪ ಪ್ಯಾಡಿನ ಬಿಬ್ ಶಾರ್ಟ್ಸ್ ಮಾತ್ರ ಮನೆಯಲ್ಲಿ ಬಿಡಿ, ನೀರು ಹೀರಿಕೊಂಡು ಓಟದಲ್ಲಿ ತೊಡೆ ಉಜ್ಜುತ್ತದೆ. ತೆಳು ಪ್ಯಾಡಿನ ಟ್ರೈ ಸೂಟ್ ಮೂರಕ್ಕೂ ಆಗುತ್ತದೆ.

ಬಿಆರ್‌ಎಂ ಮಾಡುವವರಿಗೆ ದಾರಿಯ ದರ್ಶಿನಿಯಲ್ಲಿ ನಿಲ್ಲಿಸಿ ಇಡ್ಲಿ-ವಡೆ ತಿಂದು ಮುಂದೆ ಹೋಗುವ ಸುಖವಿದೆ. ಇಲ್ಲಿ ಅದಿಲ್ಲ. ತಿನ್ನುವುದೆಲ್ಲ ಸೈಕಲ್ ಮೇಲೆಯೇ ಆಗಬೇಕು, ಓಟದಲ್ಲಿ ಹೊಟ್ಟೆ ಕುಲುಕಿ ಏನೂ ಒಗ್ಗುವುದಿಲ್ಲ. ಕಡಲ ನೀರು ಕುಡಿದ ಹೊಟ್ಟೆ ಹತ್ತು ನಿಮಿಷ ಸುಧಾರಿಸಿಕೊಳ್ಳಲಿ, ಆಮೇಲೆ ಗಂಟೆಗೆ 40ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಲೆಕ್ಕ ಇಟ್ಟುಕೊಳ್ಳಿ. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಖರ್ಜೂರ, ಜೆಲ್, ಒಂದು ಬಾಟಲಿಯಲ್ಲಿ ಉಪ್ಪು-ಸಕ್ಕರೆ ಹಾಕಿದ ನಿಂಬೆ ನೀರು, ಯಾವುದಾದರೂ ಸರಿ, ರೈಡ್‌ಗಳಲ್ಲಿ ತಿಂದು ನೋಡಿದ್ದಾಗಿರಬೇಕು. ಸೆಕೆಯನ್ನು ಹಗುರವಾಗಿ ಕಾಣಬೇಡಿ. 2016ರಲ್ಲಿ ಮೆಕ್ಸಿಕೊದ ಕೊಜುಮೆಲ್‌ನ ಟ್ರಯಥ್ಲಾನ್ ಸ್ಪರ್ಧೆಯಲ್ಲಿ ಒಲಿಂಪಿಕ್ ಪದಕ ವಿಜೇತ ಜಾನಿ ಬ್ರೌನ್ಲಿ ಮುನ್ನಡೆಯಲ್ಲಿದ್ದವರು, ಗುರಿ ಕಣ್ಣಿಗೆ ಬೀಳುವ ದೂರದಲ್ಲಿ ಬಿಸಿಲಿಗೆ ತತ್ತರಿಸಿ ಹೋದರು; ಅಣ್ಣ ಅಲಿಸ್ಟರ್ ತೋಳು ಹಿಡಿದು ಗೆರೆಯವರೆಗೆ ತಂದು ದಾಟಿಸಿದರು.

ಈಜಿನಿಂದ ಸೈಕಲ್‌ಗೆ, ಸೈಕಲ್‌ನಿಂದ ಓಟಕ್ಕೆ ಬದಲಾಗುವ ಜಾಗ ಟ್ರಾನ್ಸಿಷನ್. ಅಲ್ಲಿ ಒಂದು ನಿಯಮ ಸೈಕ್ಲಿಸ್ಟ್‌ಗಳ ಕೈಯಲ್ಲಿ ಸದಾ ಮುರಿಯುತ್ತದೆ: ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದ ಮೇಲೆಯೇ ಸೈಕಲ್ ಮುಟ್ಟಬೇಕು, ವಾಪಸ್ ಬಂದಾಗ ಸೈಕಲ್ಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ ಮೇಲೆಯೇ ಪಟ್ಟಿ ಬಿಚ್ಚಬೇಕು. ವರ್ಷಗಳಿಂದ ಕಾಲು ನೆಲಕ್ಕೆ ತಾಗಿದ ಕೂಡಲೇ ಪಟ್ಟಿಗೆ ಹೋಗುವ ಕೈ ಅದು, ಮನೆಯಲ್ಲಿ ಅಭ್ಯಾಸ ಮಾಡದೆ ನಿಲ್ಲುವುದಿಲ್ಲ. ಹತ್ತುವ ಗೆರೆ ದಾಟಿದ ಮೇಲೆ ಹತ್ತುವುದು, ಇಳಿಯುವ ಗೆರೆಗೆ ಮೊದಲು ಇಳಿಯುವುದು. ಇಯರ್‌ಫೋನ್ ಇಲ್ಲ. ಕಾಲಿಗಂಟಿದ ಮರಳು ತೊಳೆಯಲು ಒಂದು ಬಾಟಲಿ ನೀರು ಇಟ್ಟಿರಿ, ಸಾಕ್ಸ್‌ಗೆ ಪೌಡರ್ ಉದುರಿಸಿ ಅರ್ಧ ಮಡಚಿಟ್ಟಿರಿ. ಒದ್ದೆ ಪಾದಕ್ಕೆ ಹತ್ತಿಯ ಸಾಕ್ಸ್ ಎಳೆಯುತ್ತಾ ಕುಳಿತವರನ್ನು ನೋಡಿದರೆ ಈ ಸಲಹೆಯ ಬೆಲೆ ಗೊತ್ತಾಗುತ್ತದೆ. ಓಟದ ಶೂಗೆ ಎಲಾಸ್ಟಿಕ್ ಲೇಸ್. ನಂಬರ್ ಬೆಲ್ಟ್ ಸೈಕಲ್‌ನಲ್ಲಿ ಬೆನ್ನಿಗೆ, ಓಟದಲ್ಲಿ ಹೊಟ್ಟೆಗೆ. ಪಂಕ್ಚರ್ ಆದರೆ ನೀವೇ ಹಾಕಿಕೊಳ್ಳಬೇಕು, ಸ್ಪರ್ಧೆಯಲ್ಲಿ ಇಲ್ಲದ ಗೆಳೆಯರಿಂದ ಸಹಾಯ ಪಡೆದರೆ ಅದೂ ತಪ್ಪು.

ಓಟದ ಮೊದಲ ಎರಡು ಕಿಲೋಮೀಟರ್ ಗಡಿಯಾರ ನೋಡಿಕೊಂಡು, ಬೇಕೆಂದೇ ನಿಧಾನ ಮಾಡಿ. ಪ್ರತಿ ನೀರಿನ ಟೇಬಲ್ ಬಳಿ ನಡೆದು ಕುಡಿಯಿರಿ, ಉಳಿದದ್ದನ್ನು ತಲೆಗೆ ಸುರಿದುಕೊಳ್ಳಿ. ನಿಮ್ಮ ಸೈಕಲ್‌ನ ಉಳಿತಾಯ ಖರ್ಚು ಮಾಡುವ ಜಾಗ ಏಳನೇ ಕಿಲೋಮೀಟರಿನ ನಂತರ ಬರುತ್ತದೆ. ಅಲ್ಲಿ ಸೈಕಲ್ ಮೇಲೆ ನಿಮ್ಮನ್ನು ದಾಟಿ ಹೋದವರು ನಡೆಯುತ್ತಿರುವುದು ಕಾಣುತ್ತದೆ. ಮುಗಿಸಿದ ಕೂಡಲೇ ಸೈಕಲ್ ತೆಗೆದುಕೊಂಡು ಹೋಟೆಲಿಗೆ ಹೋಗೋಣ ಎಂದರೆ ಬಿಡುವುದಿಲ್ಲ, ಟ್ರಾನ್ಸಿಷನ್ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಕೈಪಟ್ಟಿ ಕಿತ್ತು ಎಸೆಯಬೇಡಿ. ಅದರ ಸಂಖ್ಯೆ ಸೈಕಲ್ ಮೇಲಿನ ಸ್ಟಿಕ್ಕರ್‌ಗೆ ಹೊಂದಿದರಷ್ಟೇ ಗೇಟಿನವರು ಸೈಕಲ್ ಹೊರಗೆ ಬಿಡುತ್ತಾರೆ.